ಪಾಂಡು ಹೊಲಿದ ಚೀಲ

ಹರಿದ ಬಲೆಯನ್ನು ಯಾರಾದರೂ ಎಸೆಯುವುದು ಕಂಡರೆ ಬೀಜಾಡಿಯ ಪಾಂಡುವಿಗೆ ಮೈಯೆಲ್ಲ ಉರಿ. ಎಸೆದವನು ದೋಣಿಯ ಯಜಮಾನನೋ ಕೂಲಿಯವನೋ ಎಂದು ನೋಡುವ ಮನುಷ್ಯನೇ ಅಲ್ಲ. ನಿಂತ ನಿಲುವಿನಲ್ಲೇ ಶುರು: "ಹ್ವಾಯ್, ನಿಮ್ ಮನಿ ಗೋಡಿ ಬಿರ್ಕ್ ಬಿಟ್ರೆ ಮನಿಯೇ ಬಿಸಾಡ್ತ್ರ್ಯಾ?" ಕೇಳಿಸಿಕೊಂಡವರು ನಗುತ್ತ ಹೋಗುತ್ತಾರೆ. ಅವರು ನಕ್ಕಷ್ಟೂ ಇವನಿಗೆ ಉರಿ ಹೆಚ್ಚು. ಅರುವತ್ತು ದಾಟಿದ ಈ ವಯಸ್ಸಿನವರೆಗೂ ಹೀಗೆ ಉರಿದುಕೊಂಡೇ ಬದುಕಿದ್ದಾನೆ ಎಂದರೆ ಅವನ ಪರಿಚಯ ಅರ್ಧ ಮುಗಿಯಿತು.

ಉಳಿದರ್ಧ ಅವನ ಕೈ. ಪಾಂಡುವಿನ ಅಪ್ಪ ಬಚ್ಚ, ಬೀಜಾಡಿಯ ಕಡಲ ಕರೆಯಲ್ಲಿ ಕೈರಂಪಣಿ ಬಲೆ ರಿಪೇರಿ ಮಾಡುತ್ತಿದ್ದವನು. ಕೈರಂಪಣಿ ಎಂದರೆ ದಡದಿಂದ ಅರ್ಧಚಂದ್ರದ ಹಾಗೆ ನೀರಿಗೆ ಬಿಡುವ ಉದ್ದದ ಬಲೆ. ಎರಡೂ ತುದಿಯ ಹಗ್ಗ ದಡದಲ್ಲಿರುತ್ತದೆ, ಊರಿನವರು ಸೇರಿ ಎಳೆಯುತ್ತಾರೆ, ಹಗ್ಗಕ್ಕೆ ಕೈ ಹಚ್ಚಿದವರಿಗೆಲ್ಲ ಮೀನಿನಲ್ಲಿ ಪಾಲು. ಬಲೆ ಹರಿದರೆ ಊರಿನ ಅರ್ಧ ಒಲೆ ತಣ್ಣಗೆ. ಆದ್ದರಿಂದ ಬಚ್ಚನಿಗೆ ಒಂದು ಗತ್ತಿತ್ತು. ಮಗನನ್ನು ಎದುರಿಗೆ ಕೂರಿಸಿಕೊಂಡು, ಒಂದೊಂದು ಗಂಟಿಗೂ ಒಂದೊಂದು ಬೈಗುಳದಂತೆ ಕಲಿಸಿದ. ಹರಿದ ಕಡೆ ಮೊದಲು ಅಂಚು ಕತ್ತರಿಸಿ ಚೊಕ್ಕ ಮಾಡು. ಬಲೆಯ ಕಣ್ಣು ಸಮ ಇರಲಿ. ನೀರು ಹೋಗಬೇಕು, ಮೀನು ಉಳಿಯಬೇಕು. ನೀರು ಬಿಡದ ಬಲೆ ಎಳೆಯುವವನ ಸೊಂಟ ಮುರಿಯುತ್ತದೆ. ಹಾಕಿದ ಗಂಟು ಬಿಚ್ಚುವ ಹಾಗಿದ್ದರೆ ಅದು ಗಂಟೇ ಅಲ್ಲ.

ಹುಡುಗ ವಯಸ್ಸಿನಲ್ಲಿ ಎಲ್ಲರ ಹಾಗೆ ಪಾಂಡುವೂ ಮುಂಬೈಗೆ ಹೋಗಿ ಒಂದು ಕ್ಯಾಂಟೀನಿನಲ್ಲಿ ತಟ್ಟೆ ತೊಳೆದ. ವರ್ಷ ತುಂಬುವುದರೊಳಗೆ ಜಗಳ ಮಾಡಿಕೊಂಡು ಊರಿಗೆ ವಾಪಸು. ಅಲ್ಲಿ ಸಮುದ್ರ ಇದೆಯಂತೆ, ಆದರೆ ಅದನ್ನು ಕಾಣುವುದಕ್ಕೆ ಮಾತ್ರ ಇಟ್ಟಿದ್ದಾರಂತೆ! ಮತ್ತೆ ಸೂಜಿ ಹಿಡಿದವನು ಕೆಳಗಿಡಲಿಲ್ಲ. ಬಾಗಿಯನ್ನು ಮದುವೆಯಾದ, ಅವಳು ಮೀನು ಬುಟ್ಟಿ ಹೊತ್ತು ತೆಕ್ಕಟ್ಟೆಯವರೆಗೆ ಮನೆ ಮನೆ ತಿರುಗಿದಳು, ಇವನು ತೆಂಗಿನ ನೆರಳಿನಲ್ಲಿ ಕಾಲು ಚಾಚಿ ಕೂತು ಬಲೆ ಹೊಲಿದ. ಒಬ್ಬಳೇ ಮಗಳನ್ನು ಬೈಂದೂರಿಗೆ ಕೊಟ್ಟಾಯಿತು. ಸಂಸಾರದಲ್ಲಿ ಅಂಥ ಕೊರತೆ ಏನೂ ಇರಲಿಲ್ಲ.

ಕೊರತೆ ಬಂದದ್ದು ಬಲೆಯ ಕಡೆಯಿಂದ. ಮೊದಲೆಲ್ಲ ಮಳೆಗಾಲಕ್ಕೆ ಮೀನುಗಾರಿಕೆ ನಿಂತರೆ ಪಾಂಡುವಿನ ಅಂಗಳದಲ್ಲಿ ಬಲೆಯ ರಾಶಿ, ಕಾಲಿಡಲು ಜಾಗ ಇರುತ್ತಿರಲಿಲ್ಲ. ವರ್ಷದಿಂದ ವರ್ಷಕ್ಕೆ ರಾಶಿ ಕರಗಿತು. ಕೊನೆಗೆ ಉಳಿದದ್ದು ಒಂದೇ ಬಲೆಯ ಆಸೆ. ಅದು ಅವನ ಅಕ್ಕನ ಮಗ ರತನ್‌ನ ಕೈರಂಪಣಿ. ಆ ಬಲೆಯ ನಡುಭಾಗ ಬಚ್ಚನ ಕೈಯದ್ದು, ಎರಡೂ ರೆಕ್ಕೆ ಪಾಂಡುವಿನ ಕೈಯದ್ದು. ಕಳೆದ ಸೀಸನ್ ಮುಗಿಯುವಾಗ ನೀರೊಳಗಿನ ಕಲ್ಲಿಗೆ ಸಿಕ್ಕಿ ಉದ್ದಕ್ಕೆ ಸೀಳಿ, ರತನ್‌ನ ಶೆಡ್ಡಿಗೆ ಸೇರಿತ್ತು. ಪಾಂಡು ಹೋಗಿ ಕೇಳಿದ, "ಬಲೆ ಯಾವತ್ತ್ ಕಳ್ಸ್ತೆ?" ರತನ್ ಫೋನು ನೋಡುತ್ತಲೇ ಹೇಳಿದ, "ಕಾಂಬ ಮಾವ." ನಮ್ಮ ಊರಲ್ಲಿ 'ಕಾಂಬ', ಅಂದರೆ 'ನೋಡೋಣ' ಎಂಬ ಮಾತು ಎಷ್ಟರ ಮಟ್ಟಿನ ಭರವಸೆ ಎಂಬುದು ತೊಟ್ಟಿಲ ಮಕ್ಕಳಿಗೂ ಗೊತ್ತು.

ಇಷ್ಟೇ ಆಗಿದ್ದರೆ ಪಾಂಡು ಬೈದು ಸುಮ್ಮನಾಗುತ್ತಿದ್ದನೋ ಏನೋ. ಆದರೆ ಚಂದಯ್ಯ ಎಂಬ ಪುಣ್ಯಾತ್ಮನಿದ್ದಾನಲ್ಲ, ಪಾಂಡುವಿನ ಜೊತೆಯಲ್ಲೇ ಹಗ್ಗ ಎಳೆದು ಮುದುಕನಾದವನು, ಅವನ ಬಾಯಿಯಲ್ಲಿ ಸಾಸಿವೆ ಕಾಳೂ ನಿಲ್ಲುವುದಿಲ್ಲ. ಬೀಡಿ ಹಚ್ಚಿಕೊಂಡು ಹೇಳಿಯೇ ಬಿಟ್ಟ: "ರತನನ್ ಶೆಡ್ಡಂಗೆ ಹುಡ್ಗ್ರ್ ಮಾತಾಡ್ಕಣ್ತಿದ್ರ್ ಮಾರಾಯ. ಪಾಂಡು ಮಾವನ್ ಕೈ ಈಗ ನಡುಗತ್ತ್ ಅಂಬ್ರ್." ಪಾಂಡು ತನ್ನ ಎರಡೂ ಕೈಯನ್ನು ಮುಂದೆ ಚಾಚಿ ನೋಡಿಕೊಂಡ. ಬಲಗೈ ಕಿರುಬೆರಳು ಸ್ವಲ್ಪ ಅಲ್ಲಾಡಿತು. ಸಿಟ್ಟಿಗೆ ಅಲ್ಲಾಡಿದ್ದು ಎಂದು ತನಗೆ ತಾನೇ ಹೇಳಿಕೊಂಡ. ಅವತ್ತಿನಿಂದ ಅವನಿಗೆ ಒಂದೇ ಹಟ: ಈ ಕೈ ಸರಿ ಇದೆ ಎಂದು ರತನ್‌ಗೆ ತೋರಿಸಬೇಕು, ಸೀಸನ್ ಶುರುವಾಗುವ ಮೊದಲು ಆ ಬಲೆ ತನ್ನ ಅಂಗಳಕ್ಕೆ ಬರಬೇಕು. ಆದರೆ ತೋರಿಸುವುದು ಎಂತದ್ದರಲ್ಲಿ? ಹೊಲಿಯಲು ಒಂದು ಹರಿದ ವಸ್ತುವಾದರೂ ಬೇಕಲ್ಲ!

ಅಂಥ ಹೊತ್ತಿಗೆ ಆ ಹಕ್ಕಿ ಬಂತು.

ಜೂನ್ ತಿಂಗಳ ಒಂದು ಬೆಳಿಗ್ಗೆ, ಮಳೆ ಚೂರು ಬಿಟ್ಟು ಹೊಳವಾದಾಗ, ಪಾಂಡುವೂ ಚಂದಯ್ಯನೂ ಹೊಳೆ ಬದಿಗೆ ಹೋಗಿದ್ದರು. ನೀರು ಇಳಿದ ಕೆಸರಿನ ಮೇಲೆ ಒಂದು ಬೂದು ಬಣ್ಣದ ಹಕ್ಕಿ ಕೂತಿತ್ತು. ಬಾತುಕೋಳಿಗಿಂತ ಎಷ್ಟೋ ದೊಡ್ಡದು, ಮೊಣಕೈ ಉದ್ದದ ಕೊಕ್ಕು, ಕೊಕ್ಕಿನ ಮೇಲೆ ಚುಕ್ಕೆ, ಕೊಕ್ಕಿನ ಕೆಳಗೆ ಗಂಟಲವರೆಗೆ ಜೋತುಬಿದ್ದ ಚರ್ಮದ ಚೀಲ. ಈ ಕಡೆ ಅಂಥದ್ದನ್ನು ಕಾಣುವುದು ಅಪರೂಪ. ಇಬ್ಬರೂ ಬಾಯಿ ಬಿಟ್ಟು ನೋಡಿದರು. ಹಕ್ಕಿ ನಿಧಾನಕ್ಕೆ ನೀರಿಗಿಳಿದು ಕೊಕ್ಕನ್ನು ಮೊಗೆದು ಎತ್ತಿತು. ಚೀಲ ಉಬ್ಬಿತು, ಅದರಲ್ಲಿ ಮೀನು ಕುಣಿಯುವುದೂ ಕಂಡಿತು. ಮರುಕ್ಷಣ ನೀರಿನ ಜೊತೆ ಮೀನೂ ಬುಳಕ್ಕನೆ ಕೆಳಗೆ. ಚೀಲದ ಬದಿಯಲ್ಲಿ ಗೇಣುದ್ದ ಹರಿದಿತ್ತು, ಹರಿದ ತುದಿಯಲ್ಲಿ ಯಾರೋ ಬಿಸಾಡಿದ ಗಾಳದ ಕೊಕ್ಕೆ ಇನ್ನೂ ನೇತಾಡುತ್ತಿತ್ತು. ಹಕ್ಕಿ ಮತ್ತೆ ಮೊಗೆಯಿತು, ಮತ್ತೆ ಕೆಳಗೆ. ಮತ್ತೆ ಮೊಗೆಯಿತು. ನೋಡಿ ನೋಡಿ ಪಾಂಡುವಿಗೆ ತಡೆಯಲಾಗಲಿಲ್ಲ.

"ಥತ್! ಹರ್ದ್ ಬಲೆ ಕಟ್ಕಂಡ್ ಎಷ್ಟ್ ಹೊತ್ ಎಳಿತ್ತ್ ಅದ್?" ಎಂದು ಹಕ್ಕಿಗೇ ಬೈದ.

"ಫಾರೆಸ್ಟಿನವ್ರಿಗ್ ಒಂದ್ ಫೋನ್ ಮಾಡುವ" ಎಂದ ಚಂದಯ್ಯ.

"ಫೋನ್ ಎಂತಕೆ? ಹೊಲಿಗಿ ಕೆಲ್ಸ ಅದ್. ನಂದ್."

ಚಂದಯ್ಯ ಇನ್ನೇನೋ ಹೇಳಲು ಹೊರಟ. ಪಾಂಡು ಆಗಲೇ ಪಂಚೆ ಎತ್ತಿ ಕಟ್ಟಿ ಕೆಸರಿಗಿಳಿದಾಗಿತ್ತು. ಹಸಿದು ಸೋತ ಹಕ್ಕಿ, ಓಡಲಿಲ್ಲ. ಆ ಜಾತಿ ನೀರ ಮೇಲೆ ಒಂದಷ್ಟು ದೂರ ಓಡಿಯೇ ಮೇಲೇಳಬೇಕು, ಓಡುವ ಶಕ್ತಿ ಅದಕ್ಕಿರಲಿಲ್ಲ. ಎತ್ತಿಕೊಂಡಾಗ ಇನ್ನೊಂದು ಆಶ್ಚರ್ಯ: ಅಷ್ಟು ದೊಡ್ಡ ದೇಹ, ತೂಕ ನೋಡಿದರೆ ಒಂದು ಕೊಡ ನೀರಿಗಿಂತ ಕಡಿಮೆ. ಎದೆಯ ಚರ್ಮ ಒತ್ತಿದರೆ ಒಳಗೆ ಚುರುಚುರು ಸದ್ದು, ಚರ್ಮದ ಅಡಿಯಲ್ಲೆಲ್ಲ ಗಾಳಿ ತುಂಬಿಟ್ಟ ಹಾಗೆ. ಕೂಗಲೂ ಇಲ್ಲ, ಕಚ್ಚಲೂ ಇಲ್ಲ. ಪಾಂಡುವನ್ನು ಒಂದು ಕಣ್ಣಿನಲ್ಲಿ ನೋಡಿತು.

ಬಾಗಿ ಬುಟ್ಟಿ ಹೊತ್ತು ಹೊರಡುವವಳಿದ್ದಳು. ಗಂಡ ಅಂಗಳಕ್ಕೆ ಹಕ್ಕಿ ಹೊತ್ತುಕೊಂಡು ಬಂದದ್ದು ಕಂಡು ಬುಟ್ಟಿ ಕೆಳಗಿಟ್ಟಳು.

"ಹ್ವಾಯ್, ಎಂತದ್ ಅದ್? ದಾರಿಯಂಗ್ ಹೋಪ ಮಾರಿನ ಮನಿಗ್ ಕರ್ಕಂಡ್ ಬಂದ್ರ್ಯಾ?"

"ಬಾಯ್ ಮುಚ್ಚ್ ಹೆಣೆ. ಹರ್ಶಿನ ತಕಂಡ್ ಬಾ. ಉಪ್ಪ್ ನೀರ್ ಬಿಸಿ ಮಾಡ್."

ಎಷ್ಟೋ ಸಮಯದ ಮೇಲೆ ಗಂಡನ ದನಿಯಲ್ಲಿ ಆ ಹಳೆಯ ಗತ್ತು ಕೇಳಿದ್ದರಿಂದ ಬಾಗಿ ಬೈಯುವುದನ್ನು ಅಲ್ಲಿಗೆ ನಿಲ್ಲಿಸಿ ಒಳಗೆ ಹೋದಳು. ಚಂದಯ್ಯ ಕೊಕ್ಕು ಹಿಡಿದ. ಪಾಂಡು ಕೊಕ್ಕೆ ತೆಗೆದ, ಉಪ್ಪು ನೀರಿನಲ್ಲಿ ತೊಳೆದ, ಒಣಗಿದ ಅಂಚನ್ನು ಚೊಕ್ಕ ಮಾಡಿದ, ತೆಳ್ಳನೆಯ ನೈಲಾನ್ ನೂಲು ಪೋಣಿಸಿ ಕೂತ. ಕಿರುಬೆರಳು ಅಲ್ಲಾಡಲಿಲ್ಲ! ಅದನ್ನು ಚಂದಯ್ಯನಿಗೆ ಎರಡೆರಡು ಸಲ ತೋರಿಸಿದ. ಆದರೆ ಅಲ್ಲೇ ಒಂದು ಯೋಚನೆ ಮಾಡಿದನಲ್ಲ, ಅದೇ ಎಡವಟ್ಟು. ಚೀಲದಲ್ಲಿ ಮೀನಿನ ಜೊತೆ ಅಷ್ಟು ನೀರು ಬರುತ್ತದೆ. ಪೂರ್ತಿ ಮುಚ್ಚಿ ಹೊಲಿದರೆ ಆ ನೀರು ಹೋಗುವುದೆಲ್ಲಿ? ಪಾಪದ ಹಕ್ಕಿಯ ಕತ್ತು ಮುರಿಯುವುದಿಲ್ಲವೇ? ಆದ್ದರಿಂದ ಹರಿದ ಎರಡು ಅಂಚನ್ನು ಒಂದಕ್ಕೊಂದು ತಾಗಿಸದೆ, ನಡುವೆ ಬಲೆ ಹೆಣೆದ. ಸಮಸಮ ಕಣ್ಣು, ಬೆರಳು ತೂರುವಷ್ಟು. ಬಚ್ಚ ಬದುಕಿದ್ದರೆ ಅವನೂ ತಪ್ಪು ಹುಡುಕಲು ಆಗದಂಥ ಕೆಲಸ.

"ಈಗ ರತನಂಗ್ ಹೇಳ್" ಎಂದ ಚಂದಯ್ಯನಿಗೆ. "ಮಾವ ಜೀವ ಇಪ್ಪ ಚರ್ಮದ್ ಮೇಲೆ ಕಣ್ಣ್ ಹಾಕಿರ್ ಅಂದೇಳಿ ಹೇಳ್. ಬಲೆ ಕಳ್ಸ್ತ್ನಾ ಇಲ್ಯಾ ಕಾಂಬ."

ಚಂದಯ್ಯ ಹೋಗಿ ಹೇಳಿದ. ರತನ್ "ಹೌದಾ?" ಎಂದನಂತೆ. ಅಷ್ಟೇ. ಹಕ್ಕಿ ಮೀನು ಹಿಡಿದು ತಿನ್ನುವುದನ್ನು ಕಣ್ಣಾರೆ ಕಂಡರೆ ಬರುತ್ತಾನೆ ಎಂದು ಪಾಂಡು ಸಮಾಧಾನ ಮಾಡಿಕೊಂಡ.

ಮಾರನೇ ದಿನ ಅಂಗಳದ ಸಿಮೆಂಟ್ ತೊಟ್ಟಿಗೆ ನೀರು ತುಂಬಿಸಿ ಬಾಗಿಯ ಬುಟ್ಟಿಯಿಂದ ಒಂದು ಹಿಡಿ ಸಣ್ಣ ಬೈಗೆ ಮೀನು ಬಿಟ್ಟರು. ಮಳೆಗಾಲದಲ್ಲಿ ಬೈಗೆ ಸಿಗುವುದೇ ಕಷ್ಟ, ಬಾಗಿಯ ಹೊಟ್ಟೆ ಉರಿಯದೆ ಇರುತ್ತದೆಯೇ! ಹಕ್ಕಿ ತೊಟ್ಟಿಯ ಅಂಚಿನಲ್ಲಿ ನಿಂತು ಕೊಕ್ಕು ಇಳಿಸಿ ಮೊಗೆಯಿತು. ನೀರು ಬಲೆಯ ಕಣ್ಣುಗಳಿಂದ ಸುರಿಯಿತು. "ಕಂಡ್ಯಾ!" ಎಂದು ಪಾಂಡು ಕೂಗಿದ. ನೀರೆಲ್ಲ ಹೋದ ಮೇಲೆ ಕಂಡದ್ದು ಬೇರೆ. ಒಂದು ಬೈಗೆಯ ತಲೆ ಬಲೆಯ ಕಣ್ಣಿನಲ್ಲಿ ತೂರಿ, ಕಿವಿರು ಸಿಕ್ಕಿಕೊಂಡು, ಅರ್ಧ ಚೀಲದ ಒಳಗೆ ಅರ್ಧ ಹೊರಗೆ ನೇತಾಡುತ್ತಿತ್ತು. ಪಕ್ಕದ ಕಣ್ಣಿನಲ್ಲಿ ಇನ್ನೊಂದು. ಹಕ್ಕಿ ತಲೆ ಒದರಿತು, ಕತ್ತು ಹಿಂದಕ್ಕೆ ಎತ್ತಿತು, ನುಂಗಲು ಹೋಯಿತು. ಮೀನು ಬಂದರೆ ತಾನೇ! ನೂಲು ಎಳೆದ ಕಡೆಯೆಲ್ಲ ರಕ್ತ ಜಿನುಗಿತು.

ಚಂದಯ್ಯ ಹೊಟ್ಟೆ ಹಿಡಿದುಕೊಂಡು ಕೂತೇಬಿಟ್ಟ. "ಪಾಂಡು, ನಿನ್ ಬಲೆಗ್ ಮೋಸ ಇಲ್ಲೆ ಮಾರಾಯ! ಲಾಯ್ಕ್ ಮೀನ್ ಹಿಡಿತ್ತ್. ಹಕ್ಕಿಗ್ ತಿಂಬುಕ್ ಬಿಡುದಿಲ್ಲೆ, ಅಷ್ಟೇ!"

ಪಾಂಡುವಿಗೆ ನಗು ಬರಲಿಲ್ಲ. ಸಿಟ್ಟೂ ಬರಲಿಲ್ಲ, ಅದೇ ವಿಶೇಷ. ಕೂತು ಮೀನು ಬಿಡಿಸಿದ. ಕಣ್ಣು ಸಣ್ಣದು ಮಾಡಿದರೆ ಸರಿಹೋಗುತ್ತದೆ ಎಂದು ನಡುವೆ ಇನ್ನಷ್ಟು ನೂಲು ತುಂಬಿದ. ಸಣ್ಣದು ಮಾಡಿದಷ್ಟೂ ಚರ್ಮ ಸುಕ್ಕಾಗಿ ಎಳೆಯಿತು. ಮೂರನೇ ದಿನಕ್ಕೆ ಅಂಚು ಹಳದಿಯಾಗಿ ವಾಸನೆ ಬರತೊಡಗಿತು. ಹಕ್ಕಿ ರೆಕ್ಕೆಯ ಮೇಲೆ ಕೊಕ್ಕು ಇಟ್ಟು ಮೂಲೆಯಲ್ಲಿ ಕೂತದ್ದು ಏಳಲಿಲ್ಲ. ಪಾಂಡುವೂ ಅದರ ಎದುರಿಗೆ ಕೂತದ್ದು ಏಳಲಿಲ್ಲ, ಗಂಜಿ ಆರಿ ತಣ್ಣಗಾಯಿತು.

"ತಲೆ ಗಟ್ಟಿ ಇತ್ತಂದೇಳಿ ಕಲ್ಲಿಗ್ ಹಾಯ್ಬೇಡಿ" ಎಂದಳು ಬಾಗಿ. "ನಾ ಡಾಕ್ಟ್ರಮ್ಮಂಗ್ ಹೇಳ್ತೆ."

"ನಂಗ್ ಆತಿಲ್ಲೆ ಅಂದೇಳಿ ನೀನೂ ಹೇಳ್ತ್ಯಾ?"

"ಹೌದ್, ಹೇಳ್ತೆ. ಸತ್ ಹೋದ್ಮೇಲ್ ಹೇಳುಕಾ?"

ಡಾಕ್ಟ್ರಮ್ಮ ಎಂದರೆ ಪಶು ಆಸ್ಪತ್ರೆಯ ಸ್ನೇಹಲತಾ. ಹಾಲಾಡಿ ಕಡೆಯವಳು, ಬಾಗಿಯ ಖಾಯಂ ಗಿರಾಕಿ, ದನಗಳ ಹೊಟ್ಟೆಯೊಳಗೆ ಭುಜದವರೆಗೆ ಕೈ ಹಾಕುವ ಗಟ್ಟಿಗಿತ್ತಿ. ಅವತ್ತೇ ಸ್ಕೂಟರಿನಲ್ಲಿ ಬಂದಳು, ಅರಣ್ಯ ಇಲಾಖೆಯ ಒಬ್ಬ ವಾಚರನ್ನೂ ಹಿಂದೆ ಕೂರಿಸಿಕೊಂಡು. ಸ್ಕೂಟರಿನ ಸದ್ದಿಗೆ ಹಕ್ಕಿ ಬೆದರಿ ಚಂದಯ್ಯನ ಕೈಗೆ ಕೊಕ್ಕಿನ ತುದಿಯ ಮುಳ್ಳು ಗೀರಿತು. ಡಾಕ್ಟರಿಗೆ ಏನಾದರೂ ಆದರೆ ಎಂದು ಪಾಂಡು ಗಡಿಬಿಡಿಯಲ್ಲಿ ಒಂದು ಹಗ್ಗ ತಂದು ಕೊಕ್ಕನ್ನು ಬಿಗಿದು ಕಟ್ಟಿದ. ಸ್ನೇಹಲತಾ ಅಂಗಳಕ್ಕೆ ಕಾಲಿಟ್ಟವಳೇ ಕೂಗಿದಳು.

"ಅಯ್ಯೋ ಪಾಂಡಣ್ಣ, ಬಿಚ್ಚಿ, ಬೇಗ ಬಿಚ್ಚಿ! ಇದ್ಕೆ ಮೂಗಂಗ್ ಉಸ್ರ್ ಆಡುದಿಲ್ಲೆ, ಎಲ್ಲ ಬಾಯಂಗೇ. ಕೊಕ್ಕ್ ಕಟ್ರೆ ಸತ್ ಹೋತ್ತ್."

ಪಾಂಡು ಬಿಚ್ಚಲು ಹೋದ. ಅವನ ಗಂಟು, ಬಿಚ್ಚುವುದೆಂದರೇನು! ಕೊನೆಗೆ ಬಾಗಿ ಮೀನು ಕೊಯ್ಯುವ ಕತ್ತಿಯಲ್ಲಿ ಹಗ್ಗ ಕತ್ತರಿಸಿದಳು. ಹಕ್ಕಿ ಬಾಯಿ ತೆರೆದು ಉಸಿರೆಳೆಯಿತು, ಚೀಲದ ಚರ್ಮ ಪಟಪಟ ಅದುರಿತು. ಕೊಕ್ಕಿನ ನಡುವೆ ಬಟ್ಟೆ ಸುತ್ತಿದ ಒಂದು ಕೋಲು ಇಟ್ಟು ಹಿಡಿದುಕೊಳ್ಳಿ ಎಂದು ಹೇಳಿ ಸ್ನೇಹಲತಾ ಗಾಯ ನೋಡಿದಳು. ಒಂದೊಂದು ಗಂಟನ್ನೂ ಬೆರಳಿನಿಂದ ಮುಟ್ಟಿ ನೋಡಿದಳು.

"ಹೊಲ್ದದ್ದ್ ಯಾರ್?"

"ನಾನ್."

"ಕೆಲ್ಸ ಚೆಂದ ಇತ್ತ್" ಎಂದಳು, ತಮಾಷೆಗೆ ಅಲ್ಲ. "ಆದ್ರೆ ಎಡಿಯಂಗ್ ಬಲೆ ಎಂತಕ್ ಹಾಕ್ದ್ರಿ?"

"ನೀರ್ ಹೋಪುಕ್ ಬ್ಯಾಡ್ದಾ?"

ಆಗ ಅವಳು ತಿಳಿಸಿ ಹೇಳಿದಳು. ಈ ಹಕ್ಕಿಗೆ ಪುಸ್ತಕದ ಕನ್ನಡದಲ್ಲಿ ಹೆಜ್ಜಾರ್ಲೆ ಎಂದು ಹೆಸರು. ಚೀಲ ಇರುವುದು ಮೀನು ಕೂಡಿಡಲು ಅಲ್ಲ, ಹಿಡಿಯಲು ಮಾತ್ರ. ಹೊಟ್ಟೆಯಲ್ಲಿ ಹಿಡಿಯುವುದಕ್ಕಿಂತ ಹೆಚ್ಚು ನೀರು ಆ ಚೀಲದಲ್ಲಿ ಹಿಡಿಯುತ್ತದೆ. ಮೊಗೆದ ಮೇಲೆ ಅದು ಕೊಕ್ಕಿನ ತುದಿ ಕೆಳಗೆ ಮಾಡಿ ಚೀಲವನ್ನು ಎದೆಗೆ ಒತ್ತಿಕೊಳ್ಳುತ್ತದೆ, ಬಾಯಿಯ ಬದಿಯಿಂದ ನೀರೆಲ್ಲ ಸೋರಿ ಹೋಗುತ್ತದೆ, ಆಮೇಲೆ ತಲೆ ಎತ್ತಿ ಮೀನು ನುಂಗುತ್ತದೆ. ಚೀಲಕ್ಕೆ ತೂತು ಬೇಕಾಗಿಯೇ ಇಲ್ಲ. ಇನ್ನೊಂದು ವಿಷಯ: ಆ ಚರ್ಮ ಕಾಣಲು ಒಂದೇ, ನಿಜವಾಗಿ ಎರಡು ಪದರ. ಒಳಗಿನದ್ದನ್ನು ಒಳಗಿನದ್ದಕ್ಕೆ, ಹೊರಗಿನದ್ದನ್ನು ಹೊರಗಿನದ್ದಕ್ಕೆ ಬೇರೆ ಬೇರೆ ಹೊಲಿಯಬೇಕು. ತಾನೂ ಇಂಥ ಹಕ್ಕಿಯನ್ನು ಮುಟ್ಟಿದ್ದು ಇದೇ ಮೊದಲು ಎಂದೂ, ಬರುವ ಮೊದಲು ಪ್ರಾಣಿಸಂಗ್ರಹಾಲಯದಲ್ಲಿರುವ ತನ್ನ ಗೆಳತಿಗೆ ಫೋನು ಮಾಡಿ ಕೇಳಿಕೊಂಡೇ ಬಂದದ್ದು ಎಂದೂ ಹೇಳಿದಳು.

"ಮೊದ್ಲ್ ಇದ್ನೆಲ್ಲ ತೆಗಿಕ್" ಎಂದು ಕತ್ತರಿ ಹಾಕಿದಳು. ಕತ್ತರಿ ನೂಲಿನ ಮೇಲೆ ಜಾರಿತು. ಗಂಟು ಚರ್ಮದೊಳಗೆ ಹೂತುಹೋಗಿತ್ತು. ಎರಡು ಸಲ ಪ್ರಯತ್ನಿಸಿ, ಹಕ್ಕಿಗೆ ನೋವಾಗುವುದು ಕಂಡು ಕೈ ಹಿಂದೆ ತೆಗೆದಳು. "ಪಾಂಡಣ್ಣ, ನೂಲ್ ಎಲ್ಲಿಂದ್ ಎಲ್ಲಿಗ್ ಹೋಯ್ತ್ ಅಂದೇಳಿ ನಿಮ್ಗೇ ಗೊತ್ತಿಪ್ದ್. ನೀವೇ ಕೊಯ್ಕ್."

ಪಾಂಡು ಬ್ಲೇಡು ತೆಗೆದುಕೊಂಡ. ಐವತ್ತು ವರ್ಷ ಬಲೆ ಹೊಲಿದವನು, ಬೇರೆಯವರು ಹಾಕಿದ ಕೆಟ್ಟ ಗಂಟುಗಳನ್ನು ಲೆಕ್ಕವಿಲ್ಲದಷ್ಟು ಕೊಯ್ದು ಬಿಸಾಡಿದ್ದಾನೆ, ಕೊಯ್ಯುವಾಗ ಬೈದಿದ್ದಾನೆ, ಬೈದು ಖುಷಿಪಟ್ಟಿದ್ದಾನೆ. ತನ್ನ ಗಂಟಿಗೆ ಬ್ಲೇಡು ಇಟ್ಟದ್ದು ಇದೇ ಮೊದಲು. ಒಂದೊಂದೇ ಕೊಯ್ದ. ಕೊಯ್ದ ನೂಲನ್ನು ಬಾಗಿ ಒಂದು ತೆಂಗಿನ ಚಿಪ್ಪಿಗೆ ಹಾಕಿಕೊಂಡಳು. ಅವನಿಗೆ ಅಳು ಬಂದಿತ್ತು, ಅದನ್ನು ಮುಚ್ಚಿಕೊಳ್ಳಲು ಚಂದಯ್ಯನಿಗೆ ಬೈದ: "ಬೆಳ್ಕಿಗ್ ಅಡ್ಡ ನಿಂತ್ಕಂಡ್ ಎಂತ ಕಾಂತೆ? ಆಚಿ ಸಾಯ್!" ಚಂದಯ್ಯ ಆಚೆ ಸರಿದ.

ಸ್ನೇಹಲತಾ ಮದ್ದು ಕೊಟ್ಟು, ತೊಳೆದು, ಒಳಗಿನ ಪದರ ಒಂದು ಸಲ, ಹೊರಗಿನ ಪದರ ಒಂದು ಸಲ ಹೊಲಿದಳು. ಅವಳ ಹಣೆಯಲ್ಲಿ ಬೆವರು. ಪಾಂಡು ಕೊಕ್ಕು ಹಿಡಿದುಕೊಂಡು ಕಣ್ಣು ಪಿಳುಕಿಸದೆ ನೋಡಿದ. ಅಂಚಿಗೆ ಅಂಚು ಕೂತಿತು. ಬಲೆಯ ಕೆಲಸ ಅಲ್ಲವೇ ಅಲ್ಲ ಅದು, ಬೇರೆಯೇ ಕಸುಬು. ಅಷ್ಟು ಗೊತ್ತಾಗುವುದಕ್ಕೆ ಒಂದು ಜೀವಕ್ಕೆ ಇಷ್ಟು ಗೋಳು ಕೊಡಬೇಕಾಯಿತೇ ಎಂದು ಅವನಿಗೆ ತನ್ನ ಮೇಲೆಯೇ ಅಸಹ್ಯವಾಯಿತು.

ಹಕ್ಕಿಯನ್ನು ಬೇರೆ ಊರಿಗೆ ಸಾಗಿಸಿದರೆ ಹೊಲಿಗೆ ಬಿಡಬಹುದು, ಮಾಯುವವರೆಗೆ ಇಲ್ಲೇ ಇರಲಿ ಎಂದು ವಾಚರ್ ಮೇಲಿನವರನ್ನು ಕೇಳಿ ಒಪ್ಪಿಸಿದ. ಅವತ್ತಿನಿಂದ ಪಾಂಡುವಿನ ದಿನಚರಿಯೇ ಬೇರೆ. ಹೊಲಿಗೆ ಎಳೆಯದ ಹಾಗೆ ಮೀನನ್ನು ತಲೆ ಮುಂದೆ ಮಾಡಿ ಗಂಟಲಿನವರೆಗೆ ಕೈಯಲ್ಲೇ ತಳ್ಳಬೇಕು. ದಿನಕ್ಕೆ ಒಂದು ಕಿಲೋದಷ್ಟು ಬೇಕು. ವಾಚರ್ ಒಂದಷ್ಟು ತಂದುಕೊಟ್ಟ, ಉಳಿದದ್ದು ಬಾಗಿಯ ಬುಟ್ಟಿಯದ್ದು. "ಮೊಮ್ಮಕ್ಕಳಿಗ್ ಹೀಂಗ್ ಉಣ್ಸಿದ್ದ್ ಗೊತ್ತಿಲ್ಲೆ" ಎಂದು ಗೊಣಗುತ್ತಲೇ ಅವಳು ದೊಡ್ಡ ಮೀನನ್ನು ಬದಿಗೆ ತೆಗೆದಿಡುತ್ತಿದ್ದಳು. ಸ್ನೇಹಲತಾ ಬಂದಾಗೆಲ್ಲ ಒಂದೊಂದು ಸುದ್ದಿ ಹೇಳುತ್ತಿದ್ದಳು. ಇದು ಇನ್ನೂ ಪ್ರಾಯಕ್ಕೆ ಬಾರದ ಹಕ್ಕಿಯಂತೆ. ಘಟ್ಟದ ಮೇಲಿನ ಕೆಲವು ಊರುಗಳಲ್ಲಿ ಇವು ಮನೆಗಳ ನಡುವಿನ ಮರದಲ್ಲೇ ಹತ್ತಾರು ಗೂಡು ಕಟ್ಟುತ್ತವಂತೆ, ಊರಿನವರು ಕಲ್ಲು ಹೊಡೆಯುವುದಿಲ್ಲವಂತೆ. ಗಂಡು ಹೆಣ್ಣು ಎರಡೂ ಸೇರಿ ಮರಿ ಸಾಕುತ್ತವೆ, ಮರಿ ತಲೆಯನ್ನೇ ತಾಯಿಯ ಗಂಟಲೊಳಗೆ ತೂರಿ ಮೀನು ತಿನ್ನುತ್ತದೆ. ಕೆಲವು ಸಲ ಹಲವು ಹಕ್ಕಿ ನೀರಿನಲ್ಲಿ ಅರ್ಧಚಂದ್ರದ ಸಾಲು ಕಟ್ಟಿ, ಮೀನನ್ನು ದಡದ ಕಡೆ ಅಟ್ಟಿಕೊಂಡು ಬಂದು ಒಟ್ಟಿಗೆ ಹಿಡಿಯುತ್ತವೆ.

ಅದನ್ನು ಕೇಳಿ ಪಾಂಡು ಎದ್ದು ಕೂತ. "ಕೈರಂಪಣಿ!" ಎಂದ. "ಹ್ವಾಯ್, ಕೈರಂಪಣಿಯೇ ಅಲ್ದಾ ಅದ್?"

ಆ ಮಾತಿನೊಂದಿಗೆ ರತನ್‌ನ ಬಲೆಯೂ ನೆನಪಾಯಿತು. ಆಗಸ್ಟ್ ಹತ್ತಿರ ಬರುತ್ತಿತ್ತು. ಬಲೆಯೂ ಇಲ್ಲ, ಬಲೆಯ ಸುದ್ದಿಯೂ ಇಲ್ಲ. ಚಂದಯ್ಯನನ್ನು ಎರಡು ಸಲ ಕಳಿಸಿದ. ಎರಡು ಸಲವೂ "ಕಾಂಬ ಅಂದ ಮಾರಾಯ" ಎಂಬ ಉತ್ತರವೇ ಬಂತು. ತಾನೇ ಹೋಗೋಣ ಎಂದರೆ ಯಾವ ಮುಖ ಹೊತ್ತು ಹೋಗುವುದು? ಪಾಂಡು ಮಾವನ ಹೊಲಿಗೆಯಲ್ಲಿ ಮೀನು ನೇತಾಡಿದ ಕತೆ ಕೋಟೇಶ್ವರದವರೆಗೂ ಹೋಗಿರಬಹುದು, ಚಂದಯ್ಯ ಇರುವಾಗ ಬೇರೆ ಪೇಪರು ಬೇಕೇ? ಹಾಗಾಗಿ ಹಗಲಿಡೀ ಹಕ್ಕಿಯ ಎದುರು ಕೂತು ಅದಕ್ಕೇ ಬೈದ. "ನೀ ಬದ್ಕಿರೆ ನಂಗ್ ಎಂತ ಸಿಕ್ತ್? ಸತ್ರೆ ಮಾತ್ರ ನನ್ ಹೆಸ್ರ್." ಹಕ್ಕಿ ಕೊಕ್ಕು ತೆರೆದು ಇನ್ನೊಂದು ಮೀನು ಕೇಳಿತು.

ಹೊಲಿಗೆ ಮಾಯಿತು. ಸ್ನೇಹಲತಾ ಬೆರಳಾಡಿಸಿ ನೋಡಿ, ಇನ್ನು ಬಿಡಬಹುದು ಎಂದಳು. ಓಡಿ ಮೇಲೇಳಲು ಅಗಲವಾದ ನೀರು ಬೇಕು, ಆದ್ದರಿಂದ ಹೊಳೆ ಕಡಲು ಸೇರುವ ಕೋಡಿಯ ಅಳಿವೆಗೆ ಒಯ್ದರು. ಸುದ್ದಿ ಹೇಗೆ ಹಬ್ಬಿತೋ, ದಡದಲ್ಲಿ ಜನವೋ ಜನ. ಪಾಂಡು ಹಕ್ಕಿಯನ್ನು ಎದೆಗವಚಿಕೊಂಡು ಮೊಣಕಾಲವರೆಗೆ ನೀರಿಗಿಳಿದು ಬಿಟ್ಟ. ಅದು ಸ್ವಲ್ಪ ದೂರ ಈಜಿ ನಿಂತಿತು. ಕೊಕ್ಕು ಇಳಿಸಿ ಮೊಗೆಯಿತು. ಚೀಲ ಉಬ್ಬಿತು. ತುದಿ ಕೆಳಗೆ ಮಾಡಿ ಎದೆಗೆ ಒತ್ತಿಕೊಂಡಿತು, ಎರಡೂ ಬದಿಯಿಂದ ನೀರು ಸೋರಿತು. ಹಕ್ಕಿ ತಲೆ ಎತ್ತಿ ನುಂಗಿತು. ಕತ್ತಿನಲ್ಲಿ ಮೀನು ಇಳಿದದ್ದು ದಡದವರಿಗೂ ಕಂಡಿತು, "ಹೋ!" ಎಂದರು.

ಅಷ್ಟರಲ್ಲಿ ಪಕ್ಕದಲ್ಲಿ ರತನ್‌ನ ದನಿ. ಪ್ಯಾಂಟು ಮಡಚಿಕೊಂಡು ನೀರಿಗಿಳಿದು, ಫೋನು ಎತ್ತಿ ಹಿಡಿದು ವಿಡಿಯೋ ಮಾಡುತ್ತಿದ್ದ. "ಎಲ್ಲರೂ ಕಾಣಿ, ಇವ್ರ್ ನಮ್ ಮಾವ, ಬೀಜಾಡಿ ಪಾಂಡು. ಹಕ್ಕಿ ಚೀಲ ಹರ್ದ್ ಹೋಯಿತ್ತ್, ಮಾವ ಬಲೆ ನೂಲಂಗೆ ಹೊಲ್ದ್ ಬದ್ಕ್ಸಿರ್. ಇಂಥ ಕೈ ಇಡೀ ಕುಂದಾಪ್ರದಂಗೇ ಇಲ್ಲೆ."

ಈ ಮಾತು ಆ ಬಾಯಿಂದ ಬರಲಿ ಎಂದು ಪಾಂಡು ಎಷ್ಟು ದೇವರಿಗೆ ಹರಕೆ ಹೊತ್ತಿದ್ದನೋ. ಬಂದೇ ಬಂತು, ಅದೂ ಊರೆಲ್ಲ ಕೇಳುವ ಹಾಗೆ. ಬಾಯಿ ಮುಚ್ಚಿಕೊಂಡು ನಿಂತಿದ್ದರೆ ಆಗುತ್ತಿತ್ತು. ದಡದಲ್ಲಿದ್ದ ಸ್ನೇಹಲತಾ ನಗುತ್ತಿದ್ದಳು, ಅವಳಂತೂ ಅಲ್ಲಗಳೆಯುವವಳಲ್ಲ. ಆದರೆ ಪಾಂಡುವಿನ ಮೂಗಿನ ತುದಿಯ ಸಿಟ್ಟು ಕೇಳಬೇಕಲ್ಲ!

"ಸುಳ್ಳ್ ಎಂತಕ್ ಹೇಳ್ತೆ ರತನಾ? ನಾ ಹೊಲ್ದದ್ದ್ ಕೊಳ್ತ್ ಹೋಯ್ತ್. ನಾನೇ ಕೊಯ್ದ್ ಬಿಸಾಡ್ದೆ. ಇದ್ ಡಾಕ್ಟ್ರಮ್ಮ ಹೊಲ್ದದ್ದ್. ಹಕ್ಕಿ ಹೊಲುದ್ ನಂಗ್ ಗೊತ್ತಿಲ್ಲೆ." ಉಸಿರು ಎಳೆದುಕೊಂಡು ಮುಂದುವರಿಸಿದ. "ನಂಗ್ ಗೊತ್ತಿಪ್ದ್ ಬಲೆ. ಕೈ ನಡುಗತ್ತ್ ಅಂದೇಳಿ ನಿನ್ ಹುಡ್ಗ್ರ್ ಹೇಳ್ತ್ರಂಬ್ರಲೆ, ಬಲೆ ತಂದ್ ನನ್ ಎದ್ರಿಗ್ ಹಾಕ್. ಹೊಲ್ದ್ ತೋರಿಸ್ತೆ. ಆಮೇಲ್ ವಿಡಿಯೋ ಮಾಡ್."

ರತನ್ ಫೋನು ಕೆಳಗಿಳಿಸಿದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಾದರೂ ಇದ್ದಿದ್ದರೆ ಒಂದು ಕೈ ನೋಡಬಹುದಿತ್ತು.

"ಮಾವ, ನಿಮ್ ಕೈ ಸರಿ ಇಲ್ಲೆ ಅಂದೇಳಿ ನಾ ಯಾವತ್ತ್ ಹೇಳಿದ್ದೆ?" ಎಂದ ತಗ್ಗಿದ ದನಿಯಲ್ಲಿ. "ನಿಮ್ಮಷ್ಟ್ ಲಾಯ್ಕ್ ಹೊಲುವವ್ರ್ ಯಾರೂ ಇಲ್ಲೆ, ನಂಗ್ ಗೊತ್ತಿತ್ತ್. ಆದ್ರೆ ಈಗ ರೆಡಿಮೇಡ್ ಬತ್ತ್ ಅಲ್ದಾ. ಹರ್ದ್ರೆ ಬದ್ಲ್ ಮಾಡುದ್ ಸುಲ್ಬ. ಆ ಬಲೆ ಈಗ ಇಲ್ಲೆ ಮಾವ. ಗುಜ್ರಿಯವ್ನ್ ಬಂದಿದ್ದ, ಕೊಟ್ಟಾಯ್ತ್. ನಿಮ್ಗೆ ಹೇಳುಕೆ ಬಾಯಿ ಬರ್ಲಿಲ್ಲೆ."

"ಯಾವತ್ತ್ ಕೊಟ್ಟದ್ದ್?"

"ಅದ್... ಈ ಹಕ್ಕಿ ನಿಮ್ ಮನಿಗ್ ಬಪ್ಪುಕಿಂತ ಮುಂಚೆ."

ಹಿಂದೆ ನೀರು ಬಡಿಯುವ ಸದ್ದು ಕೇಳಿಸಿತು. ಹೆಜ್ಜಾರ್ಲೆ ನೀರ ಮೇಲೆ ಧಪಧಪ ಓಡಿ, ರೆಕ್ಕೆ ಬೀಸಿ ಮೇಲೆದ್ದಿತ್ತು. ದಡದ ಜನ ಚಪ್ಪಾಳೆ ತಟ್ಟಿದರು. ಬಾಗಿ ಕೈಮುಗಿದಳು, ಸ್ನೇಹಲತಾ ಹಣೆಗೆ ಕೈ ಅಡ್ಡ ಹಿಡಿದು ನೋಡಿದಳು, ಚಂದಯ್ಯ ಬೀಡಿ ಹಚ್ಚುವುದನ್ನೂ ಮರೆತ. ಹಕ್ಕಿ ಅಳಿವೆಯ ಮೇಲೆ ಒಂದು ಸುತ್ತು ಬಂದು ಗಂಗೊಳ್ಳಿಯ ಕಡೆ ಹೋಗುವವರೆಗೂ ಎಲ್ಲರ ಕಣ್ಣು ಆಕಾಶದಲ್ಲೇ ಇತ್ತು. ಪಾಂಡು ಒಬ್ಬನೇ ನೋಡಲಿಲ್ಲ. ಅವನು ರತನ್‌ನ ಮುಖವನ್ನೇ ನೋಡುತ್ತ ನೀರಿನಲ್ಲಿ ನಿಂತಿದ್ದ.